ಸ್ಲೀವ್ ಸರ್ಜರಿ ಆಗಿ 5 ವರ್ಷ, ತೂಕ ಮತ್ತೆ ಏರುತ್ತಿದೆ: ಹೊಟ್ಟೆ ಹಿಗ್ಗಿತಾ?

ಪ್ರಶ್ನೆ: ನನಗೆ 43 ವರ್ಷ. 5 ವರ್ಷದ ಹಿಂದೆ ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಸರ್ಜರಿ ಮಾಡಿಸಿಕೊಂಡೆ. ಆಗ 118 ಕೆಜಿ ಇದ್ದೆ. ಒಂದೂವರೆ ವರ್ಷದಲ್ಲಿ 76ಕ್ಕೆ ಇಳಿದೆ. ಮೂರನೇ ವರ್ಷದವರೆಗೂ 78 ದಾಟಿರಲಿಲ್ಲ. ಈಗ 89. ಎರಡು ವರ್ಷದಿಂದ ನಿದ್ದೆಗೆ ಮತ್ತು ಖಿನ್ನತೆಗೆ ಅಂತ ಮಿರ್ಟಾಜಪೀನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ಎದೆಯುರಿಯಿಂದ ಎಚ್ಚರವಾಗುತ್ತದೆ, ಹಾಲು ಬಿಸ್ಕತ್ತು ತಿಂದರೆ ಕಡಿಮೆ ಆಗುತ್ತದೆ. ಮೊಟ್ಟೆ, ಮಾಂಸ ತಿಂದರೆ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತದೆ, ಹಾಗಾಗಿ ಮೆತ್ತಗಿರುವುದನ್ನೇ ತಿನ್ನುತ್ತೇನೆ. ನನ್ನ ಹೊಟ್ಟೆ ಹಿಗ್ಗಿಬಿಟ್ಟಿದೆಯಾ? 5 ದಿನ ಬರೀ ದ್ರವ ಆಹಾರ ತೆಗೆದುಕೊಂಡರೆ ಹೊಟ್ಟೆ ಮತ್ತೆ ಚಿಕ್ಕದಾಗುತ್ತದೆ ಅಂತಾರೆ, ನಿಜವಾ? ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳಬಹುದಾ, ಇಲ್ಲ ಇನ್ನೊಂದು ಸರ್ಜರಿನೇ ಆಗಬೇಕಾ? ಸರ್ಜನ್ ಹತ್ತಿರ ಮತ್ತೆ ಹೋಗಲು ನಾಚಿಕೆ ಆಗುತ್ತಿದೆ.

ಉತ್ತರ: ಮೊದಲು ನಾಚಿಕೆಯ ವಿಷಯ ಮುಗಿಸೋಣ. ನೀವು 42 ಕೆಜಿ ಇಳಿಸಿದ್ದಿರಿ, ಅದರಲ್ಲಿ 13 ವಾಪಸ್ ಬಂದಿದೆ. ಅಂದರೆ ಇಳಿದದ್ದರಲ್ಲಿ ಸುಮಾರು 31%. ಇವತ್ತಿಗೂ ನೀವು ಶುರುವಿನ ತೂಕಕ್ಕಿಂತ 29 ಕೆಜಿ ಕಡಿಮೆ ಇದ್ದೀರಿ, ಹತ್ತಿರ ಹತ್ತಿರ ಕಾಲು ಭಾಗ. ಅಮೆರಿಕದಲ್ಲಿ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ಕರುಳಿಗೆ ಜೋಡಿಸುವ, ತೂಕ ಇಳಿಸುವ ಇನ್ನೊಂದು ಸರ್ಜರಿ) ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ, ಹೆಸರು ಲ್ಯಾಬ್ಸ್. ಅದರಲ್ಲಿ ಅತಿ ಕಡಿಮೆ ತೂಕ ಮುಟ್ಟಿದ 5 ವರ್ಷದ ನಂತರ ನೋಡಿದರೆ, ಸಾಲಿನ ನಟ್ಟನಡುವೆ ನಿಲ್ಲುವ ವ್ಯಕ್ತಿಗೆ ಇಳಿದ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿತ್ತು. ನಿಮ್ಮದು ಅದಕ್ಕಿಂತ ಸ್ವಲ್ಪ ಮುಂದೆ, ಸ್ವಲ್ಪ ಬೇಗ. ಗಮನ ಕೊಡಬೇಕಾದ ಏರಿಕೆ ಹೌದು. ಆದರೆ ನಿಮ್ಮ ಸರ್ಜನ್ ಯಾವತ್ತೂ ಕಂಡಿಲ್ಲದ ವಿಚಿತ್ರವೇನಲ್ಲ. ವಾರಕ್ಕೆ ಇಂಥ ಹಲವರನ್ನು ನೋಡುವವರು ಅವರು. ಅವರಿಗೆ ಬೇಸರ ಆಗುವುದು ರೋಗಿ ತೂಕ ಏರಿಸಿಕೊಂಡು ಬಂದಾಗ ಅಲ್ಲ, ಬರದೇ ಇದ್ದಾಗ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ಕೇಳಿದ್ದು ಹೊಟ್ಟೆ ಹಿಗ್ಗಿತಾ ಅಂತ. ಆದರೆ ಉತ್ತರದ ಮುಕ್ಕಾಲು ಪಾಲು ನೀವೇ ಬರೆದಿದ್ದೀರಿ, ಪ್ರಶ್ನೆ ಕೇಳುವುದಕ್ಕೂ ಮೊದಲೇ. ಮೂರನೇ ವರ್ಷದವರೆಗೆ 78. ಆಮೇಲೆ ಎರಡು ವರ್ಷದಲ್ಲಿ 11 ಕೆಜಿ. ಆ ಎರಡು ವರ್ಷದಲ್ಲಿ ಹೊಸದಾಗಿ ಏನೇನು ಬಂತು? ಒಂದು ಮಾತ್ರೆ ಬಂತು. ರಾತ್ರಿಯ ಎದೆಯುರಿ ಬಂತು, ಅದರ ಜೊತೆ ಹಾಲು ಬಿಸ್ಕತ್ತು. ಗಟ್ಟಿ ಆಹಾರ ಹೋಯಿತು. ತೂಕ ವಾಪಸ್ ಬಂತು ಅಂತ ಬರುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ. ಒಂದು ಹಾಳೆ ತೆಗೆದುಕೊಳ್ಳಿ, ಸರ್ಜರಿ ದಿನದಿಂದ ಇವತ್ತಿನವರೆಗೆ ಒಂದು ಗೆರೆ ಎಳೆಯಿರಿ. ಮೇಲೆ ತೂಕ ಬರೆಯಿರಿ, ಕೆಳಗೆ ಜೀವನದಲ್ಲಿ ಆದದ್ದನ್ನು ಬರೆಯಿರಿ. ಹೊಸ ಮಾತ್ರೆ, ಗರ್ಭಧಾರಣೆ, ಮುಟ್ಟು ಏರುಪೇರು ಆದದ್ದು, ಕೆಲಸದ ಪಾಳಿ ಬದಲಾದದ್ದು, ಮಂಡಿ ನೋವು ಬಂದು ನಡೆಯುವುದು ನಿಂತದ್ದು, ಮನೆಯಲ್ಲಿ ಸಾವು. ತೂಕದ ಗೆರೆ ಎಲ್ಲಿ ತಿರುಗಿತೋ ಅದರ ಆಸುಪಾಸಿನಲ್ಲೇ ಕಾರಣ ಕೂತಿರುತ್ತದೆ, ಬಹಳ ಸಲ.

ಇದರರ್ಥ ಎಲ್ಲಾ ಏರಿಕೆಗೂ ಒಂದು ನಿರ್ದಿಷ್ಟ ಕಾರಣ ಇರುತ್ತದೆ ಅಂತಲ್ಲ. ಒಂದಷ್ಟು ಏರಿಕೆ ದೇಹದ್ದೇ ಲೆಕ್ಕ. ಸ್ಲೀವ್‌ನಲ್ಲಿ ಹೊಟ್ಟೆಯ 75 ರಿಂದ 80% ಭಾಗ ತೆಗೆಯುತ್ತಾರೆ, ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಜಾಗವೂ ಅದರಲ್ಲೇ ಹೋಗುತ್ತದೆ. ಊಟ ಬೇಗ ಕರುಳಿಗೆ ಇಳಿಯುವುದರಿಂದ ಹೊಟ್ಟೆ ತುಂಬಿತು ಅಂತ ಹೇಳುವ ಜಿಎಲ್‌ಪಿ-1 ಥರದ ಹಾರ್ಮೋನ್ ಜಾಸ್ತಿ ಬರುತ್ತದೆ. ಮೊದಲ ಒಂದೂವರೆ ವರ್ಷ ಹಸಿವೇ ಇಲ್ಲ ಅನ್ನಿಸುತ್ತದಲ್ಲ, ಅದು ಇದೇ. ಆದರೆ ಆ ಕಾಲ ಶಾಶ್ವತವಲ್ಲ. ಹಸಿವು ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ, ಊಟದ ಅಳತೆ ಗೊತ್ತೇ ಆಗದ ಹಾಗೆ ಬೆಳೆಯುತ್ತದೆ, ಜೊತೆಗೆ 76 ಕೆಜಿಯ ದೇಹಕ್ಕೆ 118 ಕೆಜಿಯ ದೇಹಕ್ಕಿಂತ ಕಡಿಮೆ ಶಕ್ತಿ ಸಾಕು. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನದಲ್ಲಿ ಸರ್ಜರಿ ಆದವರು ಎರಡನೇ ವರ್ಷಕ್ಕೆ ಸರಾಸರಿ 23% ತೂಕ ಇಳಿಸಿದ್ದರು, ಹತ್ತನೇ ವರ್ಷಕ್ಕೆ ಅದು 17% ಆಗಿತ್ತು, ಇಪ್ಪತ್ತನೇ ವರ್ಷಕ್ಕೆ 18%. ನೋಡಿ, ಒಂದಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಬೈಪಾಸ್ ಆದವರದ್ದೂ ಹೆಚ್ಚು ಕಡಿಮೆ ಇದೇ ಕಥೆ: 2 ವರ್ಷಕ್ಕೆ 45 ಕೆಜಿ ಇಳಿಕೆ, 6 ವರ್ಷಕ್ಕೆ 36, 12 ವರ್ಷಕ್ಕೆ 35. ಹಾಗಾಗಿ 76 ರಿಂದ 80, 82ರ ಹತ್ತಿರ ಬಂದು ನಿಂತಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ. ಎರಡು ವರ್ಷ ಬಿಡದೆ ಏರಿದ್ದು ಬೇರೆ ವಿಷಯ.

ಮಾತ್ರೆ. ಮಿರ್ಟಾಜಪೀನ್ ಹಸಿವು ಹೆಚ್ಚಿಸುತ್ತದೆ, ಸಿಹಿ ತಿನ್ನಬೇಕು ಅನ್ನಿಸುತ್ತದೆ, ತೂಕ ಏರಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಅಡ್ಡ ಪರಿಣಾಮ. ಎಷ್ಟೆಂದರೆ, ಹಸಿವೇ ಇಲ್ಲದೆ ಸೊರಗಿದ ಖಿನ್ನತೆಯ ರೋಗಿಗಳಿಗೆ ವೈದ್ಯರು ಬೇಕಂತಲೇ ಇದನ್ನು ಆರಿಸುತ್ತಾರೆ. ಅದನ್ನು ಕೊಟ್ಟವರದ್ದು ತಪ್ಪಲ್ಲ, ನಿದ್ದೆಗೂ ಮನಸ್ಸಿಗೂ ಒಳ್ಳೆಯ ಮಾತ್ರೆ ಅದು. ಆದರೆ ನಿಮ್ಮ ಹೊಟ್ಟೆಯ ಸರ್ಜರಿ ಬಗ್ಗೆ ಅವರಿಗೆ ಗೊತ್ತಿತ್ತಾ? ಇಲ್ಲದಿದ್ದರೆ ಹೇಳಿ. ತೂಕದ ಮೇಲೆ ಇಷ್ಟು ಪರಿಣಾಮ ಬೀರದ ಬೇರೆ ಮಾತ್ರೆಗಳಿವೆ, ಬದಲಾಯಿಸಲು ಆಗುತ್ತದಾ ಅಂತ ಕೇಳಿ. ದಯವಿಟ್ಟು ನೀವೇ ನಿಲ್ಲಿಸಬೇಡಿ. ಒಮ್ಮೆಗೇ ಬಿಟ್ಟರೆ ತಲೆಸುತ್ತು, ವಾಂತಿ ಬಂದ ಹಾಗಾಗುವುದು, ಚಡಪಡಿಕೆ ಬರಬಹುದು, ಅದಕ್ಕಿಂತ ಮುಖ್ಯವಾಗಿ ಖಿನ್ನತೆ ಮರಳಬಹುದು. ಖಿನ್ನತೆ ಮರಳಿದರೆ ತೂಕದ ಬಗ್ಗೆ ಏನು ಮಾಡಲೂ ಶಕ್ತಿ ಇರುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಹಳೆ ಮಾತ್ರೆಗಳು, ನರ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪೀನ್ ಮತ್ತು ಕ್ವೆಟಿಯಾಪೀನ್, ಮೂರ್ಛೆ ರೋಗಕ್ಕೆ ಕೊಡುವ ವ್ಯಾಲ್‌ಪ್ರೋಯೇಟ್, ಸ್ಟೀರಾಯ್ಡ್, ಮೂರು ತಿಂಗಳಿಗೊಮ್ಮೆ ಹಾಕಿಸುವ ಗರ್ಭನಿರೋಧಕ ಇಂಜೆಕ್ಷನ್, ಇವೆಲ್ಲ ತೂಕ ಏರಿಸಬಲ್ಲವು.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಮಾತ್ರೆಗಿಂತಲೂ ಮುಖ್ಯ ಅನ್ನಿಸಿದ ಸಾಲು ಯಾವುದು ಗೊತ್ತಾ? ಮೊಟ್ಟೆ, ಮಾಂಸ ಸಿಕ್ಕಿಕೊಂಡ ಹಾಗಾಗುತ್ತದೆ ಅಂದದ್ದು. ಹೊಟ್ಟೆ ಹಿಗ್ಗಿತು ಅಂತ ನೀವು ಹೆದರುತ್ತಿದ್ದೀರಿ. ನನಗೆ ಅನುಮಾನ ಇರುವುದು ಅದರ ಉಲ್ಟಾ ದಿಕ್ಕಿನಲ್ಲಿ. ಹೊಟ್ಟೆ ಸಡಿಲಾದರೆ ಗಟ್ಟಿ ಊಟ ಸಲೀಸಾಗಿ ಇಳಿಯಬೇಕಿತ್ತು, ಅಲ್ವಾ? ಇಳಿಯುತ್ತಿಲ್ಲ ಅಂದರೆ ಎಲ್ಲೋ ಬಿಗಿ ಇರಬಹುದು. ಸ್ಲೀವ್‌ನಲ್ಲಿ ಉಳಿಯುವುದು ಉದ್ದನೆಯ ಕೊಳವೆಯಂಥ ಹೊಟ್ಟೆ. ಅದು ನಡುವೆ ಬಾಗುವ ಜಾಗದಲ್ಲಿ ಕೆಲವರಿಗೆ ಕಿರಿದಾಗುತ್ತದೆ, ಇಲ್ಲವೇ ತಿರುಚಿಕೊಂಡ ಹಾಗೆ ಮಡಚಿಕೊಳ್ಳುತ್ತದೆ. ಆಗ ಗಟ್ಟಿಯಾದದ್ದು ಅಲ್ಲಿ ನಿಲ್ಲುತ್ತದೆ, ಆ್ಯಸಿಡ್ ಮೇಲಕ್ಕೆ ಬರುತ್ತದೆ. ನೋವು ಕೊಡುವ ಊಟವನ್ನು ಯಾರೂ ಇಷ್ಟಪಟ್ಟು ತಿನ್ನುವುದಿಲ್ಲ. ನಿಧಾನಕ್ಕೆ ಮೊಟ್ಟೆ ಹೋಗಿ ಬಿಸ್ಕತ್ತು ಬರುತ್ತದೆ, ಕಾಳು ಹೋಗಿ ಐಸ್‌ಕ್ರೀಂ ಬರುತ್ತದೆ, ಚಿಪ್ಸ್, ಬ್ರೆಡ್ ಹಾಲಲ್ಲಿ ನೆನೆಸಿದ್ದು, ಸಿಹಿ ಪಾನೀಯ. ಇವೆಲ್ಲ ಬಾಯಲ್ಲೇ ಕರಗುತ್ತವೆ, ಜಾರಿ ಹೋಗುತ್ತವೆ, ಎಲ್ಲೂ ತಡೆಯುವುದಿಲ್ಲ. ಚಿಕ್ಕ ಹೊಟ್ಟೆ ತನ್ನ ಕೆಲಸ ಮಾಡುವುದು ಗಟ್ಟಿ ಆಹಾರದ ಮೇಲೆ ಮಾತ್ರ. ಮೆತ್ತಗಿನದಕ್ಕೂ ದ್ರವಕ್ಕೂ ಅದು ಬಾಗಿಲು ತೆರೆದಿಟ್ಟ ಹಾಗೆಯೇ. ಹೀಗೆ ಹೊಟ್ಟೆ ಬಿಗಿಯಾದದ್ದರಿಂದಲೇ ತೂಕ ಏರುವುದುಂಟು. ಇದನ್ನು ಹೇಳಿದರೆ ಬಹಳ ಜನ ನಂಬುವುದಿಲ್ಲ.

ಅದರ ಮೇಲೆ ರಾತ್ರಿ ಹಾಲು ಬಿಸ್ಕತ್ತು. ಇದನ್ನು ನೀವು ಹಸಿವಿಗೆ ತಿನ್ನುತ್ತಿಲ್ಲ, ಉರಿಗೆ ಔಷಧಿಯ ಥರ ತಿನ್ನುತ್ತಿದ್ದೀರಿ. ಒಂದು ಲೆಕ್ಕ ನೋಡಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಅಂತ ಹಿಡಿದರೆ, ಎರಡು ವರ್ಷದಲ್ಲಿ ಸೇರಿದ 11 ಕೆಜಿ ಅಂದರೆ ದೇಹದಲ್ಲಿ ದಿನಕ್ಕೆ ಸುಮಾರು 115 ಕ್ಯಾಲೊರಿ ಉಳಿದಿದೆ. ತೂಕ ಏರಿದಂತೆ ಖರ್ಚೂ ಏರುವುದರಿಂದ ತಿಂದದ್ದು ಅದಕ್ಕಿಂತ ಜಾಸ್ತಿ ಇರಬೇಕು, ಒಪ್ಪುತ್ತೇನೆ. ಆದರೂ ಒಂದು ಲೋಟ ಹಾಲು, ನಾಲ್ಕು ಬಿಸ್ಕತ್ತು, ಇಷ್ಟರಲ್ಲೇ ಇದರ ಬಹುಪಾಲು ಬಂದುಬಿಡುತ್ತದೆ. ಹೊಟ್ಟೆಬಾಕತನ ಬೇಕಿಲ್ಲ.

ಆದ್ದರಿಂದ ಮೊದಲ ಕೆಲಸ ಎಂಡೋಸ್ಕೋಪಿ, ಜೊತೆಗೆ ಬೇರಿಯಂ ಥರದ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ. ಕೊಳವೆ ಎಲ್ಲಿ ಕಿರಿದಾಗಿದೆ, ಎಲ್ಲಿ ಅಗಲವಾಗಿದೆ, ಅನ್ನನಾಳಕ್ಕೆ ಆ್ಯಸಿಡ್‌ನಿಂದ ಗಾಯ ಆಗಿದೆಯಾ, ಎಲ್ಲ ಗೊತ್ತಾಗುತ್ತದೆ. ಬಿಗಿ ಇದ್ದರೆ ಎಂಡೋಸ್ಕೋಪಿಯಲ್ಲೇ ಬಲೂನ್ ಹಾಕಿ ಹಿಗ್ಗಿಸುವುದುಂಟು. ಗಾಯ ಇದ್ದರೆ ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ ಸರಿಯಾದ ಡೋಸ್‌ನಲ್ಲಿ, ಸರಿಯಾದ ಹೊತ್ತಿಗೆ ಬೇಕು. ಹೊಟ್ಟೆ ನಿಜವಾಗಿ ಹಿಗ್ಗಿದೆ ಅಂತ ಬಂದರೂ ಗಾಬರಿ ಬೇಡ. ಸ್ಲೀವ್ ವರ್ಷಗಳಲ್ಲಿ ಒಂದಿಷ್ಟು ಅಗಲ ಆಗೇ ಆಗುತ್ತದೆ, ಹಾಗೆ ಆದವರೆಲ್ಲರ ತೂಕವೂ ಏರುವುದಿಲ್ಲ. ಎಕ್ಸ್‌ರೇ ನೋಡಿ ಇದೇ ಕಾರಣ ಅಂತ ಒಂದೇ ಮಾತಲ್ಲಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ಬೈಪಾಸ್ ಆದವರಲ್ಲಿ ಹುಡುಕಬೇಕಾದದ್ದು ಬೇರೆ: ಚಿಕ್ಕ ಚೀಲದಿಂದ ಕರುಳಿಗೆ ಹೋಗುವ ಬಾಯಿ ಅಗಲವಾಗಿದೆಯಾ, ಚಿಕ್ಕ ಚೀಲಕ್ಕೂ ಹಳೆ ಹೊಟ್ಟೆಗೂ ನಡುವೆ ದಾರಿ ಬಿಟ್ಟುಕೊಂಡಿದೆಯಾ ಅಂತ. ಅವರಲ್ಲಿ ಇನ್ನೊಂದು ಗುಟ್ಟಿನ ಕಾರಣವೂ ಇದೆ. ಸಿಹಿ ತಿಂದ ಒಂದರಿಂದ ಮೂರು ಗಂಟೆಯಲ್ಲಿ ರಕ್ತದ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುತ್ತದೆ, ಅದನ್ನು ತಡೆಯಲು ಮತ್ತೆ ಸಿಹಿ, ಮತ್ತೆ ಇಳಿತ. ಹೀಗೆ ದಿನವಿಡೀ ತಿನ್ನುತ್ತಲೇ ಇರುತ್ತಾರೆ. ಇದನ್ನು ಶಿಸ್ತಿಲ್ಲದವರು ಅಂತ ಬೈದರೆ ಏನು ಪ್ರಯೋಜನ?

ರಕ್ತ ಪರೀಕ್ಷೆಯೂ ಆಗಲಿ: ಥೈರಾಯ್ಡ್, ಮೂರು ತಿಂಗಳ ಸಕ್ಕರೆ, ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್. ತೂಕ ಏರಿದ್ದಕ್ಕೂ ಪೋಷಕಾಂಶ ಕಡಿಮೆ ಆಗುವುದಕ್ಕೂ ಸಂಬಂಧ ಇಲ್ಲ, ಎರಡೂ ಒಟ್ಟಿಗೆ ಇರಬಹುದು. ಆ್ಯಸಿಡ್ ಮಾತ್ರೆಯನ್ನು ಬಹಳ ಕಾಲ ನುಂಗಿದರೆ ಬಿ12 ಮತ್ತು ಕಬ್ಬಿಣ ಹೀರಿಕೊಳ್ಳುವುದು ಇನ್ನೂ ಕಡಿಮೆ ಆಗುತ್ತದೆ. ವಿಟಮಿನ್ ಮಾತ್ರೆಗಳನ್ನು ಮಧ್ಯೆ ಬಿಟ್ಟಿದ್ದರೆ ಮತ್ತೆ ಶುರು ಮಾಡಿ, ಅವು ಜೀವನಪೂರ್ತಿ. ಗೊರಕೆ ವಾಪಸ್ ಬಂದಿದೆಯಾ ಅಂತಲೂ ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮರಳಿದ್ದರೆ ನಿದ್ದೆ ಮಾತ್ರೆಯಿಂದ ಅದು ಸರಿಹೋಗುವುದಿಲ್ಲ.

5 ದಿನದ ದ್ರವ ಆಹಾರ? ಬೇಡ. ತೂಕದ ಯಂತ್ರದಲ್ಲಿ ಎರಡು ಮೂರು ಕೆಜಿ ಕಡಿಮೆ ಕಾಣಬಹುದು, ಅದರಲ್ಲಿ ಹೆಚ್ಚಿನದು ನೀರು, ಮಾಮೂಲಿ ಊಟ ಶುರುವಾದ ಕೂಡಲೇ ವಾಪಸ್. ಹೊಟ್ಟೆ 5 ದಿನದಲ್ಲಿ ಕುಗ್ಗುವುದಿಲ್ಲ. ಅಲ್ಲದೆ ನಿಮ್ಮ ತೊಂದರೆಯೇ ಗಟ್ಟಿ ಊಟ ಬಿಟ್ಟದ್ದು, ಅದಕ್ಕೆ ಔಷಧಿ ಇನ್ನಷ್ಟು ದ್ರವವಾ?

ಎಂಡೋಸ್ಕೋಪಿಯಲ್ಲಿ ಬಿಗಿ ಇಲ್ಲ ಅಂತ ಗೊತ್ತಾದ ಮೇಲೆ ಗಟ್ಟಿ ಪ್ರೋಟೀನ್‌ಗೆ ಮರಳುವ ಕೆಲಸ ಶುರು. ಅದು ಒಂದೇ ದಿನದಲ್ಲಿ ಆಗುವುದಿಲ್ಲ. ಒಣಗಿದ, ನಾರು ನಾರಾದ ಮಾಂಸ ಮೊದಲು ಬೇಡ. ಮೆತ್ತಗೆ ಬೇಯಿಸಿದ ಮೀನು, ತೇವ ಇರುವ ಮೊಟ್ಟೆ, ಚೆನ್ನಾಗಿ ಬೆಂದ ಕಾಳು, ಗಟ್ಟಿ ಮೊಸರು, ಇವುಗಳಿಂದ ಶುರು ಮಾಡಿ. ತುತ್ತು ಚಿಕ್ಕದಿರಲಿ, ಚೆನ್ನಾಗಿ ಅಗಿಯಿರಿ, ಒಂದು ಊಟಕ್ಕೆ 20 ರಿಂದ 30 ನಿಮಿಷ. ಬಹಳ ಜನರಿಗೆ ಸಿಕ್ಕಿಕೊಳ್ಳುವುದು ಆಹಾರದಿಂದಲ್ಲ, ಅವಸರದಿಂದ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಮಿಕ್ಕಿದ್ದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಎಷ್ಟೋ ಜನರಿಗೆ ಅದಕ್ಕಿಂತ ಜಾಸ್ತಿ. ನೀರು ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ, ಮಂಚದ ತಲೆಯ ಕಡೆ ಎತ್ತರಿಸಿ, ಸುಮ್ನೆ ದಿಂಬು ಪೇರಿಸಿದರೆ ಸೊಂಟ ಮಡಚಿ ಉರಿ ಇನ್ನೂ ಜಾಸ್ತಿ ಆಗುತ್ತದೆ. ಉರಿ ಹತೋಟಿಗೆ ಬಂದರೆ ಹಾಲು ಬಿಸ್ಕತ್ತು ತಾನಾಗಿಯೇ ಬಿಡುತ್ತದೆ. ಬಿಡದಿದ್ದರೆ ಅದು ಬೇರೆ ಪ್ರಶ್ನೆ. ಆಗ ನಿಮ್ಮನ್ನೇ ಕೇಳಿಕೊಳ್ಳಿ: ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುತ್ತಿಲ್ಲ ಅನ್ನಿಸುತ್ತದಾ? ಎಷ್ಟು ತಿಂದಿರಿ ಅನ್ನುವುದಕ್ಕಿಂತ ಆ ಅನಿಸಿಕೆ ಮುಖ್ಯ. ಹೌದು ಅಂದರೆ ಡಯಟ್ ಚಾರ್ಟ್‌ಗಿಂತ ಮನಶ್ಶಾಸ್ತ್ರಜ್ಞರ ಸಹಾಯ ಹೆಚ್ಚು ಕೆಲಸ ಮಾಡುತ್ತದೆ.

ವ್ಯಾಯಾಮದ ಬಗ್ಗೆ ನೀವು ಕೇಳಲಿಲ್ಲ, ಎರಡೇ ಮಾತು. ತೂಕ ಇಳಿಸಲು ನಡಿಗೆ ಅಷ್ಟೇನೂ ಸಹಾಯ ಮಾಡದು, ಇಳಿದ ತೂಕ ಉಳಿಸಿಕೊಳ್ಳಲು ಮಾಡುತ್ತದೆ. 42 ಕೆಜಿ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ಹಾಗಾಗಿ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ. ಮದ್ಯದ ಅಭ್ಯಾಸ ಇದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಸರ್ಜರಿ ನಂತರ ಅದು ಬೇಗ ಏರುತ್ತದೆ, ಬೇಗ ಚಟವಾಗುತ್ತದೆ, ಕ್ಯಾಲೊರಿ ಬೇರೆ.

ಇಂಜೆಕ್ಷನ್ ಬಗ್ಗೆ. ತೆಗೆದುಕೊಳ್ಳಬಹುದು, ಸರ್ಜರಿ ಆಗಿದೆ ಅನ್ನುವುದು ಅದಕ್ಕೆ ಅಡ್ಡಿಯಲ್ಲ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ಸ್ಲೀವ್ ಅಥವಾ ಬೈಪಾಸ್ ಆಗಿಯೂ ಸಾಕಷ್ಟು ತೂಕ ಇಳಿಯದವರಿಗೆ ದಿನಾ ಲಿರಾಗ್ಲುಟೈಡ್ 3 ಮಿಲಿಗ್ರಾಂ ಕೊಟ್ಟರು. 24 ವಾರದಲ್ಲಿ ಅವರ ತೂಕ ಸರಾಸರಿ 8.8% ಇಳಿಯಿತು, ಹೋಲಿಕೆಗೆ ಅಂತ ಔಷಧಿ ಇಲ್ಲದ ಸುಳ್ಳು ಇಂಜೆಕ್ಷನ್ ಪಡೆದವರದ್ದು ಅರ್ಧ ಶೇಕಡಾ. ವಾರಕ್ಕೊಮ್ಮೆ ಹಾಕುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇನ್ನೂ ಬಲವಾದವು, ಸರ್ಜರಿ ಆದವರಲ್ಲೂ ಈಗ ಬಳಕೆಯಲ್ಲಿವೆ. ಆದರೆ ನಿಮ್ಮ ವಿಷಯದಲ್ಲಿ ನಾನು ಇದನ್ನು ಮೊದಲ ಹೆಜ್ಜೆ ಅನ್ನುವುದಿಲ್ಲ. ಈ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಕೊಳವೆ ಎಲ್ಲೋ ಬಿಗಿ ಇದ್ದು, ಎದೆಯುರಿಯೂ ಇದ್ದು, ಅದರ ಮೇಲೆ ಇದು ಅಂದರೆ ವಾಂತಿ, ಉರಿ ಎರಡೂ ಹೆಚ್ಚಾಗಬಹುದು. ಒಂದು ಮಾತ್ರೆ ಹಸಿವು ಏರಿಸುತ್ತಿರುವಾಗ ಇನ್ನೊಂದು ಔಷಧಿಯಿಂದ ಹಸಿವು ಇಳಿಸುವುದರಲ್ಲೂ ನನಗೆ ಅರ್ಥ ಕಾಣುವುದಿಲ್ಲ. ಎಂಡೋಸ್ಕೋಪಿ ಆಗಲಿ, ಉರಿ ನಿಲ್ಲಲಿ, ಮಾತ್ರೆ ಬದಲಾಗಲಿ, ಮೂರು ನಾಲ್ಕು ತಿಂಗಳು ನೋಡೋಣ. ಆಮೇಲೂ ತೂಕ ಏರುತ್ತಿದ್ದರೆ ಇಂಜೆಕ್ಷನ್ ಶುರು ಮಾಡಲು ನನ್ನದೇನೂ ತಕರಾರಿಲ್ಲ, ತಡ ಮಾಡುವುದೂ ಬೇಡ. ಎರಡು ವಿಷಯ ತಿಳಿದಿರಲಿ. ಹಸಿವು ಪೂರ್ತಿ ಹೋದಾಗ ಮೊದಲು ಬಿಟ್ಟುಹೋಗುವುದು ಪ್ರೋಟೀನ್, ಅದರ ಮೇಲೆ ಕಣ್ಣಿಡಬೇಕು. ಮತ್ತೆ ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ: ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಔಷಧಿ ಬಿಟ್ಟ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಮನೆಯಲ್ಲಿ ಮೆಡುಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಯಾರಿಗಾದರೂ ಆಗಿದ್ದರೆ, ನಿಮಗೆ ಪ್ಯಾಂಕ್ರಿಯಾಸ್ ಊತ ಆಗಿದ್ದರೆ, ಮಗು ಬೇಕು ಅಂತಿದ್ದರೆ ಮೊದಲೇ ಹೇಳಿ.

ಇನ್ನೊಂದು ಸರ್ಜರಿ ಕೊನೆಯ ಮಾತು. ತೂಕಕ್ಕೋಸ್ಕರ ಮಾತ್ರ ಆದರೆ 89 ಕೆಜಿಯಲ್ಲಿ, ಇಷ್ಟು ಸರಿಪಡಿಸಬಹುದಾದ ಕಾರಣಗಳು ಎದುರಿಗೇ ಇರುವಾಗ, ನಾನು ಬೇಡ ಅನ್ನುತ್ತೇನೆ. ಎರಡನೇ ಸರ್ಜರಿಯಲ್ಲಿ ತೊಡಕು ಮೊದಲನೆಯದಕ್ಕಿಂತ ಜಾಸ್ತಿ, ತೂಕ ಇಳಿಯುವುದು ಕಡಿಮೆ. ಆದರೆ ಎದೆಯುರಿ ಬೇರೆ ಲೆಕ್ಕ. ಫಿನ್‌ಲ್ಯಾಂಡ್‌ನಲ್ಲಿ ಸ್ಲೀವ್ ಮತ್ತು ಬೈಪಾಸ್ ಹೋಲಿಸಿದ ಪ್ರಯೋಗದಲ್ಲಿ 10 ವರ್ಷದ ನಂತರ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ 31% ಜನಕ್ಕೆ, ಬೈಪಾಸ್ ಆದವರಲ್ಲಿ 7% ಜನಕ್ಕೆ ಇತ್ತು. ನಿಮ್ಮ ಅನ್ನನಾಳದಲ್ಲಿ ಗಾಯ ಇದ್ದು, ಮಾತ್ರೆಗೂ ಬಗ್ಗದಿದ್ದರೆ, ಸ್ಲೀವ್ ಅನ್ನು ಬೈಪಾಸ್‌ಗೆ ಬದಲಾಯಿಸುವುದು ಒಳ್ಳೆಯ ಆಯ್ಕೆಯೇ. ಆಗ ತೂಕ ಸ್ವಲ್ಪ ಇಳಿದರೆ ಅದು ಲಾಭ ಅಂದುಕೊಳ್ಳಿ.

ಎಷ್ಟಕ್ಕೆ ಇಳಿಯಬೇಕು ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ 76 ಇದೆ ಅಂತ ನನಗೆ ಗೊತ್ತು. ಅದನ್ನು ಬಿಡಿ. ಅದು ಹಸಿವೇ ಇಲ್ಲದ ದಿನಗಳ ತೂಕ. ಮೊದಲ ಗುರಿ 89ರಲ್ಲಿ ನಿಲ್ಲುವುದು, ಆಮೇಲೆ ಐದಾರು ಕೆಜಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಕ ನೋಡಿ ಆ ಹಾಳೆಯಲ್ಲೇ ಬರೆಯಿರಿ. ಸರ್ಜನ್ ಹತ್ತಿರ ಹೋಗುವಾಗ ಅದನ್ನೂ, ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲೇ ನೀರೂ ಇಳಿಯದಂತಾದರೆ, ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ, ಮಲ ಕಪ್ಪಗೆ ಹೋದರೆ, ಕಾಲು ಜೋಮು ಹಿಡಿದು ನಡಿಗೆ ತಪ್ಪಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೊಟ್ಟೆಯ ಸರ್ಜರಿ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ವಾಂತಿಯಿಂದ ಬಿ1 ವಿಟಮಿನ್ ಖಾಲಿಯಾಗಿದ್ದರೆ ಗ್ಲುಕೋಸ್ ಹಾಕುವ ಮೊದಲು ಅದನ್ನು ಕೊಡಬೇಕಾಗುತ್ತದೆ.